ಸುತ್ತು ದಾರಿ

ನಮ್ಮವರ ಊರು ಕೊಪ್ಪದ ಕಡೆ. ಮದುವೆಯಾದ ಹೊಸದರಲ್ಲಿ ಅವರ ಮನೆಯವರು ನನ್ನ ತವರಾದ ಕಡೂರು ಸೀಮೆಯನ್ನು ‘ಚಿಕ್ಕಮಗಳೂರು ಜಿಲ್ಲೆಯ ಮರುಭೂಮಿ’ ಎಂದು ಹಾಸ್ಯ ಮಾಡುತ್ತಿದ್ದರು. ನನಗೋ ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಅವರ ಮಾತು ಪೂರಾ ಸುಳ್ಳೂ ಅಲ್ಲ. ಮಳೆಯೆಲ್ಲ ಬಾಬಾಬುಡನ್‌ಗಿರಿಯ ಆಚೆಗೇ ಸುರಿದು, ನಮ್ಮ ಪಾಲಿಗೆ ಬರುವುದು ಮೋಡದ ನೆರಳು.

2023ರಲ್ಲಿ ಆ ನೆರಳೂ ಸರಿಯಾಗಿ ಬೀಳಲಿಲ್ಲ. ಅಪ್ಪ ನೆಟ್ಟಿದ್ದ ತೆಂಗಿನ ಸುಳಿ ಒಣಗಿತು. ಇದ್ದ ಎರಡು ಬೋರುಗಳಲ್ಲಿ ಗಾಳಿ ಬಂತು, ನೀರು ಬರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಅಮ್ಮನನ್ನು ತರೀಕೆರೆಗೆ, ನಮ್ಮ ಮನೆಗೆ ಕರೆತರುವುದೆಂದು ತೀರ್ಮಾನವಾಯಿತು. “ನಾಲ್ಕು ದಿನ ಇದ್ದು ಬರ್ತೀನಿ” ಎಂದಳು. ಆದರೆ ದೇವರ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕಾರು ಹತ್ತಿದ್ದಳು.

ಬೀರೂರಿನ ಮೇಲೆ ಬಂದರೆ ಒಂದು ಗಂಟೆಯ ದಾರಿಯೂ ಅಲ್ಲ. “ಅಜ್ಜಂಪುರದ ಮೇಲೆ ಹೋಗಣ ಕಣೋ, ನೋಡಿ ಎಷ್ಟು ವರ್ಷ ಆಯ್ತು” ಎಂದು ಅಮ್ಮ ಮೊಮ್ಮಗನಿಗೆ ಹೇಳಿದಳು. ಅವನಿಗೆ ಅಷ್ಟೇ ಬೇಕಾಗಿತ್ತು. ಅಜ್ಜಂಪುರಕ್ಕೆ ಮೊದಲೇ ಬಾಸೂರು ಕಾವಲಿನ ಕಡೆ ತಿರುಗಿಸಿಬಿಟ್ಟ.

ಕಾವಲೆಂದರೆ ಅಮೃತಮಹಲ್ ದನಗಳಿಗಾಗಿ ಹಿಂದೆ ಬಿಟ್ಟಿದ್ದ ಹುಲ್ಲುಗಾವಲು. ಅರಮನೆಯ ‘ಬೆಣ್ಣೆ ಚಾವಡಿ’ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗೋಸ್ಕರ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನಾವು ಹೋದಾಗ ಹುಲ್ಲೆಲ್ಲ ಒಣಗಿ ಗೋಣಿಚೀಲದ ಬಣ್ಣ. ಮರವೆಂದರೆ ಅಲ್ಲೊಂದು ಇಲ್ಲೊಂದು ಜಾಲಿ. ಬಿಸಿಲು ಕುದಿಯುತ್ತಿತ್ತು. ವಾಪಸ್ ಹೋಗೋಣ ಎನ್ನುವಷ್ಟರಲ್ಲಿ ದೂರದಲ್ಲಿ ಹಿಂಡೊಂದು ಕಾಣಿಸಿತು. ನಡುವೆ ತಿರುಚಿದ ಕೊಂಬಿನ ಕಪ್ಪು ಗಂಡು. ನಾವು ಉಸಿರು ಬಿಗಿಹಿಡಿದೆವು. ಅಮ್ಮ ಮಾತ್ರ ಕಣ್ಣಿಗೆ ಕೈ ಮರೆ ಮಾಡಿಕೊಂಡು ನೋಡಿ, “ಇವಕ್ಕೆ ಯಾರು ಬೋರ್ ಹಾಕಿಸ್ತಾರೆ?” ಎಂದಳು. ಯಾರೂ ಉತ್ತರ ಕೊಡಲಿಲ್ಲ.

ಅಜ್ಜಂಪುರದಲ್ಲಿ ಕಾಫಿ. ಅಮ್ಮ ಎರಡನೆಯ ಲೋಟವನ್ನೂ ಕೇಳಿದಳು. ಮನೆಯಲ್ಲಿ ಅರ್ಧ ಲೋಟಕ್ಕೇ ಸಾಕೆನ್ನುವವಳು! ಆಮೇಲೆ ಪೇಟೆಯಲ್ಲಿ ಬಳೆ ನೋಡಬೇಕೆಂದಳು. ಕೊಳ್ಳಲಿಲ್ಲ. ತರೀಕೆರೆ ಹತ್ತಿರವಾಗುತ್ತಿದ್ದಂತೆ, “ಅಮೃತಾಪುರ ಇಲ್ಲೇ ಅಲ್ವಾ?” ಎಂದಳು. ಅಷ್ಟು ಹೊತ್ತಿಗೆ ನನಗೆ ಅರ್ಥವಾಗತೊಡಗಿತ್ತು. ಮಗ ಗಡಿಯಾರ ನೋಡಿಕೊಂಡ. ನಾನು ಕಣ್ಣಲ್ಲೇ ಗದರಿದೆ.

ಅಮೃತೇಶ್ವರ ದೇವಸ್ಥಾನವನ್ನು 1196ರಲ್ಲಿ ಕಟ್ಟಿಸಿದವನು ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮಿತಯ್ಯ. ಕಡೆದು ಹೊಳಪು ಕೊಟ್ಟ ಕಂಬಗಳ ಮಂಟಪ. ಅದರ ಹೊರಗೋಡೆಯ ಮೇಲೆ ನೂರನಲವತ್ತು ಕಥಾಶಿಲ್ಪಗಳು. ತೆಂಕಣ ಗೋಡೆಯಲ್ಲಿ ರಾಮಾಯಣ, ಬಡಗಣ ಗೋಡೆಯಲ್ಲಿ ಕೃಷ್ಣನ ಕಥೆ, ಭಾರತ. ಒಂದು ವಿಚಿತ್ರವೆಂದರೆ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಪ್ರದಕ್ಷಿಣೆ ಬಂದ ಅಮ್ಮನಿಗೆ ಕಥೆ ಕೊನೆಯಿಂದ ಮೊದಲಿಗೆ ಬಂದಂತಾಯಿತು. ಒಂದು ಸುತ್ತು ಮುಗಿಸಿ, ಗೋಡೆಯ ಆ ತುದಿಗೆ ಹೋಗಿ ಹಿಮ್ಮುಖವಾಗಿ ಹೊರಟಳು.

“ಅಮ್ಮಾ, ಅಪ್ರದಕ್ಷಿಣ ಆಗಲ್ವೇನೆ?”

“ನಾನು ಕಥೆ ನೋಡ್ತಿದೀನಿ, ದೇವರನ್ನಲ್ಲ. ಕಾಡಿಗೆ ಹೊರಟಿದ್ದು ಇಲ್ಲೇ ಎಲ್ಲೋ ಇರಬೇಕು.”

ಒಂದೊಂದು ಕಲ್ಲಿನ ಮುಂದೂ ಬಗ್ಗಿ ನಿಂತು ನೋಡಿದಳು. ಕಣ್ಣಿಗೆ ಪೊರೆ ಬೇರೆ. ಸಿಕ್ಕಿತೋ ಇಲ್ಲವೋ ಹೇಳಲಿಲ್ಲ. ಬಿಸಿಲು ಇಳಿದು ಕಲ್ಲು ತಣ್ಣಗಾಗುವವರೆಗೂ ನಾನು ಮಂಟಪದ ಜಗಲಿಯ ಮೇಲೆ ಕೂತಿದ್ದೆ. ಹೊರಡೋಣ ಎಂದು ನಾನಾಗಿ ಹೇಳಲಿಲ್ಲ.

ಮನೆ ಸೇರಿದಾಗ ರಾತ್ರಿ ಎಂಟು. ಅಮ್ಮ ದೇವರ ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು, ನೆಟ್ಟಗೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಬೀಳುವ ನೀರಿಗೆ ಕೈಯೊಡ್ಡಿ ಸ್ವಲ್ಪ ಹೊತ್ತು ನಿಂತಳು. “ದಿನಾ ಬರುತ್ತಾ?”

“ಬರುತ್ತಮ್ಮ.”

ಬಿಗಿಯಾಗಿ ನಲ್ಲಿ ನಿಲ್ಲಿಸಿ, “ನಾಡಿದ್ದು ಹೊರಡ್ತೀನಿ” ಎಂದಳು. ಈಗಲೂ ಭಾನುವಾರ ಬಂತೆಂದರೆ ಹಾಗೇ ಅನ್ನುತ್ತಾಳೆ. ನಾನೂ “ಆಗಲಿ, ಅಜ್ಜಂಪುರದ ಮೇಲೆ ಹೋಗೋಣ” ಎನ್ನುತ್ತೇನೆ.