ಅಮ್ಮಿ ಎಲ್ಲಿ ನಡೆಯಬೇಕು?

ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನರು ನಷ್ಟಕ್ಕೊಳಗಾಗುತ್ತಾರೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಇಬ್ನ್ ಅಬ್ಬಾಸ್(ರ)ರಿಂದ ವರದಿಯಾದ ಈ ಹದೀಸ್ ಬುಖಾರಿಯಲ್ಲಿದೆ. ನಮ್ಮಲ್ಲಿ ಬಿಡುವಿನ ಕುರಿತು ದೀರ್ಘ ಪ್ರವಚನಗಳಾಗುತ್ತವೆ. ಆರೋಗ್ಯದ ಮಾತು ಮಾತ್ರ ಕೊನೆಯ ದುಆದಲ್ಲಿ ಒಂದು ಸಾಲಾಗಿ ಮುಗಿಯುತ್ತದೆ.

ಹಳೇಬೀಡಿನ ಬಳಿಯ ಹುಲಿಕೆರೆ ನಮ್ಮೂರು. ಹೊರಗಿನವರು ಇಲ್ಲಿಗೆ ಬರುವುದು ಹೊಯ್ಸಳರ ಕಾಲದ ಕಲ್ಯಾಣಿಯನ್ನು ನೋಡಲು. ದಾದಿಯ ಕಾಲದಲ್ಲಿ ನಮ್ಮ ಮನೆಯ ಊಟವೆಂದರೆ ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಹೊಲದ ಬದುವಿನ ಸೊಪ್ಪು. ಮಾಂಸ ಹಬ್ಬಕ್ಕೆ, ಇಲ್ಲವೇ ನೆಂಟರು ಬಂದಾಗ. ನೀರು ಹೊರುವುದು, ರಾಗಿ ಬೀಸುವುದು, ಸೌದೆ ತರುವುದು ನಿತ್ಯದ ಕೆಲಸವಾಗಿದ್ದುದರಿಂದ ವ್ಯಾಯಾಮವೆಂಬ ಪದ ಅವರಿಗೆ ಬೇಕಿರಲಿಲ್ಲ. ಈಗ ನಲ್ಲಿ, ಮಿಕ್ಸಿ, ಗ್ಯಾಸ್ ಬಂದಿವೆ. ಅದು ಒಳ್ಳೆಯದೇ; ಬೀಸುಕಲ್ಲಿನ ಕಾಲವನ್ನು ಹೊಗಳುವವರು ಹೆಚ್ಚಾಗಿ ಅದನ್ನು ಎಂದೂ ತಿರುಗಿಸದ ಗಂಡಸರು. ಆದರೆ ಶ್ರಮ ಇಳಿದಂತೆ ತಟ್ಟೆಯಲ್ಲಿ ಅನ್ನ ಏರಿತು, ಸಕ್ಕರೆ ಹಾಕಿದ ಚಹಾ ದಿನಕ್ಕೆ ಐದಾರು ಲೋಟವಾಯಿತು.

ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನರು ಅದರ ಅಂಚಿನಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ಅವರಲ್ಲಿ ನಮ್ಮ ಅಮ್ಮಿಯೂ ಒಬ್ಬರು. ವೈದ್ಯರು ಮಾತ್ರೆ ಬರೆದುಕೊಟ್ಟು, ಅನ್ನ ಕಡಿಮೆ ಮಾಡಿ, ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಿರಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷಗಳ ಲೆಕ್ಕವೂ ಅದೇ.

ಮನೆಗೆ ಬಂದ ಮೇಲೆ ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ: "ನಡೀಬಹುದು ಬೇಟಾ, ಎಲ್ಲಿ ನಡೀಲಿ?"

ಗಂಡಸರಿಗೆ ಈ ಪ್ರಶ್ನೆಯಿಲ್ಲ. ಮಸೀದಿಯ ದಾರಿಯೇ ನಮಗೆ ವ್ಯಾಯಾಮ. ಬನೂ ಸಲಿಮಾ ಗೋತ್ರದವರು ಮಸೀದಿಯ ಸಮೀಪಕ್ಕೆ ಮನೆ ಬದಲಿಸಲು ಬಯಸಿದಾಗ ಪ್ರವಾದಿ(ಸ)ರು ಅವರನ್ನು ಇದ್ದಲ್ಲಿಯೇ ಇರಲು ಹೇಳಿದರು. ಅವರ ಒಂದೊಂದು ಹೆಜ್ಜೆಯೂ ದಾಖಲಾಗುತ್ತಿತ್ತು. ಪ್ರವಾದಿ(ಸ)ರು ಶನಿವಾರಗಳಂದು ಕೆಲವೊಮ್ಮೆ ನಡೆದೇ ಕುಬಾ ಮಸೀದಿಗೆ ಹೋಗುತ್ತಿದ್ದರು. ಆದರೆ ಹಳ್ಳಿಯ ಹೆಣ್ಣುಮಗಳು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ಎಲ್ಲರ ಕಣ್ಣೂ ಅವಳ ಮೇಲೆ.

"ಜನ ಏನಂತಾರೆ?" ಎಂದು ಅಬ್ಬಾ ಹಿಂಜರಿದರು. ಆಗ ನಾನು ಅವರಿಗೆ ಅಬೂದಾವೂದ್‌ನಲ್ಲಿರುವ ಹದೀಸನ್ನು ಓದಿ ಹೇಳಿದೆ. ಪ್ರಯಾಣವೊಂದರಲ್ಲಿ ಆಯಿಶಾ(ರ) ಪ್ರವಾದಿ(ಸ)ರೊಂದಿಗೆ ಓಟದ ಸ್ಪರ್ಧೆ ನಡೆಸಿ ಗೆದ್ದರು; ಮುಂದೆ ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಡಿದಾಗ ಸೋತರು. ಈ ಪ್ರಸಂಗವನ್ನು ದಾಂಪತ್ಯದ ಮಾಧುರ್ಯಕ್ಕೆ ಉದಾಹರಣೆಯಾಗಿ ಕೇಳಿದ್ದೇವೆ. ಉಮ್ಮುಲ್ ಮುಅ್‌ಮಿನೀನ್ ಬಯಲಿನಲ್ಲಿ ಓಡಿದರೆಂಬುದೂ ಅದರಲ್ಲೇ ಇದೆಯಲ್ಲ! ಅಬ್ಬಾ ಉತ್ತರಿಸಲಿಲ್ಲ. ಮರುದಿನ ಫಜ್ರ್ ನಂತರ ಅಮ್ಮಿ ಮತ್ತು ನನ್ನ ಪತ್ನಿ ಕಲ್ಯಾಣಿಯ ಕಡೆಗೆ ಹೊರಟಾಗ ಅವರೂ ಹೊರಟರು, ಆದರೆ ಇಪ್ಪತ್ತು ಹೆಜ್ಜೆ ಮುಂದೆ. ಎರಡನೆಯ ವಾರದಲ್ಲಿ ಪಕ್ಕದ ಮನೆಯ ಗೌಡತಿಯೂ ಜೊತೆಗೂಡಿದರು. ಆ ಮೇಲೆ ಯಾರೂ ಏನೂ ಕೇಳಲಿಲ್ಲ.

ಊಟದಲ್ಲಿ ಚಹಾದ ಸಕ್ಕರೆ ಬಿಡುವುದೇ ಕಷ್ಟವಾಯಿತು. ರಾಗಿಯನ್ನು ಎಷ್ಟು ತಿಂದರೂ ಆದೀತೆಂಬ ನಂಬಿಕೆ ನಮ್ಮ ಕಡೆ ಇದೆ. ಅದರಲ್ಲೂ ಪಿಷ್ಟವೇ ಹೆಚ್ಚು, ಹಾಗಾಗಿ ಮುದ್ದೆಯ ಗಾತ್ರವೂ ಇಳಿಯಿತು. ಹೊಟ್ಟೆಯ ಮೂರನೆಯ ಒಂದು ಭಾಗ ಮಾತ್ರ ಆಹಾರಕ್ಕೆ, ಉಳಿದದ್ದು ನೀರಿಗೆ ಮತ್ತು ಉಸಿರಿಗೆ ಎಂಬ ತಿರ್ಮಿದಿಯ ಹದೀಸನ್ನು ಮದುವೆ ಮನೆಯ ಬಿರಿಯಾನಿಯ ಮುಂದೆ ನೆನೆಯುವವರು ವಿರಳ.

ಅಮ್ಮಿಗೆ ಎಲ್ಲಕ್ಕಿಂತ ಭಾರವಾದದ್ದು ರಮಝಾನ್. ರೋಗಿಗಳಿಗೆ ಅಲ್ಲಾಹನು ಅಲ್‌ಬಕರ ಅಧ್ಯಾಯದಲ್ಲಿ ರಿಯಾಯಿತಿ ನೀಡಿದ್ದಾನೆಂದು ಅವರಿಗೆ ತಿಳಿದಿದೆ. ಅದನ್ನು ಸ್ವೀಕರಿಸಲು ಮನಸ್ಸು ಒಪ್ಪುವುದಿಲ್ಲ. ಕಳೆದ ವರ್ಷ ಒಂದು ಮಧ್ಯಾಹ್ನ ಕೈ ನಡುಗಿ ಬೆವರತೊಡಗಿದರು. ಪರೀಕ್ಷಿಸಿದಾಗ ಸಕ್ಕರೆ ಕುಸಿದಿತ್ತು. ಖರ್ಜೂರ ತಿಂದು ಉಪವಾಸ ಮುರಿಯುವಾಗ ಅವರು ಅತ್ತರು. ಈ ಬಾರಿ ಶಅಬಾನ್‌ನಲ್ಲೇ ಮೊದಲು ವೈದ್ಯರನ್ನು, ನಂತರ ಇಮಾಮರನ್ನು ಕಾಣುವುದೆಂದು ನಿಶ್ಚಯಿಸಿದ್ದೇವೆ. ಉಪವಾಸವೋ ಫಿದ್ಯಾವೋ ಎಂಬುದು ಆಗ ತಿಳಿಯಲಿದೆ.