ನಾವೇ ಅವಳ ಮನೆತನ

ಪ್ರೀತಿಯ ತಂಗಿಗೆ,

 

ನಿನ್ನ ಕಾಗದ ಓದಿದೆ. "ಪಂಚಾಯ್ತಿಗೆ ಯಾರಾದರೂ ನಿಲ್ಲಿ ಅಂತ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮಾತೆತ್ತಿದರೆ ಎಲ್ಲರೂ ಬಾಗಿಲ ಕಡೆ ನೋಡ್ತಾರೆ ಅಕ್ಕ, ಒಪ್ಪೋರೇ ಇಲ್ಲ" ಎಂದು ಬರೆದಿದ್ದೀಯ. ಒಪ್ಪುವವರಿಲ್ಲವೋ, ಕೇಳುವ ಹಾಗೆ ಕೇಳಿದವರಿಲ್ಲವೋ? ತುಂಬಿದ ಸಭೆಯಲ್ಲಿ "ಯಾರು ನಿಲ್ತೀರಿ" ಎಂದರೆ ಯಾವ ಹೆಂಗಸೂ ಕೈ ಎತ್ತುವುದಿಲ್ಲ. ಎತ್ತಿದವಳನ್ನು ಊರು ಏನೆನ್ನುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಅವಳ ಮನೆಗೇ ಹೋಗಬೇಕು. "ನೀರಿನ ಟ್ಯಾಂಕರ್ ಬರಲಿಲ್ಲ ಅಂತ ಅವತ್ತು ಪಿಡಿಒ ಎದುರು ಮಾತಾಡಿದವಳು ನೀನು, ಅದಕ್ಕೇ ನೀನೇ ನಿಲ್ಲಬೇಕು" ಎಂದು ಕಾರಣ ಕೊಟ್ಟು ಹೇಳಬೇಕು. ಒಂದು ಸಲ ಹೇಳಿದರೆ ಸಾಲದು. ಅತ್ತೆ ಮನೆಯಲ್ಲಿದ್ದಾಗ ಒಮ್ಮೆ, ಗಂಡ ಹೊಲದಿಂದ ಬಂದ ಮೇಲೆ ಒಮ್ಮೆ.

ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಂಥವರಿಗೂ ಈ ಒತ್ತಾಸೆ ಬೇಕಾಯಿತು. 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಸ್ಪರ್ಧಿಸುವಂತೆ ಅವರನ್ನು ಹುರಿದುಂಬಿಸಿದವರು ಐರ್ಲೆಂಡಿನಿಂದ ಬಂದಿದ್ದ ಮಾರ್ಗರೆಟ್ ಕಸಿನ್ಸ್. ಕಮಲಾದೇವಿಯವರಿಗೆ ಆಗ ಇಪ್ಪತ್ತಮೂರು. ಕೆಲವೇ ಮತಗಳಲ್ಲಿ ಸೋತರು, ನಿಜ. ಆದರೆ ಹೆಣ್ಣೂ ಓಟು ಕೇಳಿ ಬರಬಹುದೆಂದು ಕರಾವಳಿಯ ಜನ ಕಣ್ಣಾರೆ ಕಂಡರು.

ಕಾನೂನಿನ ಕಡೆಯಿಂದ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆಯೇ ಪಂಚಾಯ್ತಿಗಳಲ್ಲಿ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಕೊಟ್ಟಿತು. 1987ರ ಚುನಾವಣೆ ನಡೆದದ್ದು ಅದರಂತೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಅದು ಮೂರನೇ ಒಂದು ಭಾಗವಾಯಿತು, 2010ರಲ್ಲಿ ಅರ್ಧಕ್ಕೆ ಏರಿತು. ಇಷ್ಟಾಗಿಯೂ 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಗೆದ್ದು ಬಂದ ಹೆಂಗಸರು ಹತ್ತೇ ಜನ. ಶಾಸನಸಭೆಯಲ್ಲೂ ಮೂರನೇ ಒಂದು ಭಾಗ ಕೊಡುವ ತಿದ್ದುಪಡಿಗೆ ಅದೇ ವರ್ಷ ಸಂಸತ್ತು ಒಪ್ಪಿತು, ಆದರೆ ಅದನ್ನು ಜನಗಣತಿಗೂ ಕ್ಷೇತ್ರ ಮರುವಿಂಗಡಣೆಗೂ ಗಂಟು ಹಾಕಿತು.

ಆ ಹತ್ತು ಹೆಸರುಗಳನ್ನು ಒಮ್ಮೆ ನಿಧಾನವಾಗಿ ನೋಡು. ಕಲಬುರಗಿ ಉತ್ತರದ ಕನೀಜ್ ಫಾತಿಮಾ, ಖಮರುಲ್ ಇಸ್ಲಾಂ ಅವರ ಪತ್ನಿ. ಪತಿ ತೀರಿಕೊಂಡ ಮರುವರ್ಷ, 2018ರಲ್ಲಿ, ಮೊದಲ ಸಲ ಗೆದ್ದರು. ಕೆಜಿಎಫ್‌ನ ರೂಪಕಲಾ, ಕೆ.ಎಚ್. ಮುನಿಯಪ್ಪನವರ ಮಗಳು. ಮೂಡಿಗೆರೆಯ ನಯನಾ, ಮೋಟಮ್ಮನವರ ಮಗಳು. ಇವರ ಸಾಮರ್ಥ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಗಂಡಸರಲ್ಲೂ ಅಪ್ಪನ ಹೆಸರಿನಲ್ಲಿ ಬಂದವರು ಬೇಕಾದಷ್ಟಿದ್ದಾರೆ. ನಾನು ಕೇಳುವುದು ಇಷ್ಟೇ: ರಾಜಕಾರಣದ ಮನೆತನ ಇವರಿಗೆ ಏನು ಕೊಟ್ಟಿತು? ದುಡ್ಡು, ಪರಿಚಯ, ಓಡಾಡುವ ಹುಡುಗರು, ಕಾಗದಪತ್ರ ನೋಡುವ ವಕೀಲರು, ಎಲ್ಲಕ್ಕಿಂತ ಹೆಚ್ಚಾಗಿ "ನಿನ್ನಿಂದ ಆಗುತ್ತೆ, ನಿಲ್ಲು" ಅನ್ನುವ ಮಾತು. ನಿನ್ನ ಕೆಲಸದ ಪಟ್ಟಿ ಅಲ್ಲೇ ಇದೆ. ಮನೆತನ ಕೊಡುವುದನ್ನೆಲ್ಲ, ಮನೆತನ ಇಲ್ಲದವಳಿಗೆ ನೀವು ಸಂಘದವರು ಕೊಡಬೇಕು.

ದುಡ್ಡಿನಿಂದಲೇ ಶುರುಮಾಡು. ಗ್ರಾಮ ಪಂಚಾಯ್ತಿಗೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಪಕ್ಷದ ಚಿಹ್ನೆಯೂ ಇಲ್ಲ. ಹಾಗಾಗಿ ಠೇವಣಿ, ಕರಪತ್ರ ದೊಡ್ಡ ಖರ್ಚಲ್ಲ. ದೊಡ್ಡದು ಕೂಲಿ ತಪ್ಪುವುದು. ಪ್ರಚಾರಕ್ಕೆ ಹೋದ ದಿನ ಅವಳ ಮನೆಯ ಒಲೆ ಹೇಗೆ ಉರಿಯಬೇಕು? ಅದಕ್ಕೆ ಈಗಲೇ ಎಲ್ಲರಿಂದ ಸ್ವಲ್ಪ ಸ್ವಲ್ಪ ಕೂಡಿಸಿಡಿ. ಜಾತಿ ಪ್ರಮಾಣಪತ್ರ, ಮತದಾರರ ಪಟ್ಟಿಯಲ್ಲಿ ಹೆಸರು ಸರಿಯಿದೆಯೇ ಎಂದು ಮೊದಲೇ ನೋಡಿ. ಕಾಗದದ ತಪ್ಪಿನಿಂದ ನಾಮಪತ್ರ ತಿರಸ್ಕೃತವಾದರೆ, ಅವಳು ಮತ್ತೆಂದೂ ಆ ಕಡೆ ತಲೆಹಾಕುವುದಿಲ್ಲ. ನಡತೆಯ ಮೇಲೆ ಗುಸುಗುಸು ಹುಟ್ಟೇ ಹುಟ್ಟುತ್ತದೆ, ಈಗಂತೂ ವಾಟ್ಸಾಪ್‌ನಲ್ಲಿ. ಅವತ್ತು ನೀವೆಲ್ಲ ಅವಳ ಮನೆ ಜಗಲಿಯ ಮೇಲೆ ಕೂತಿರಬೇಕು, ಊರು ನೋಡುವ ಹಾಗೆ.

ಇನ್ನು ಯಾರನ್ನು ಕೇಳಬೇಕು ಅನ್ನುವುದು. ಇಲ್ಲಿ ನಿನ್ನೊಂದಿಗೆ ಸ್ವಲ್ಪ ಜಗಳ. ನೀನು ಕಳಿಸಿದ ಹೆಸರುಗಳೆಲ್ಲ ನಮ್ಮ ಬೀದಿಯವೇ. ಓದಿದವರು, ಮಾತು ಬಲ್ಲವರು, ನಮ್ಮ ಮನೆಗೆ ಬಂದು ಹೋಗುವವರು. ಕೇರಿಯಿಂದ ಯಾರು? ತಾಂಡಾದಿಂದ ಯಾರು? ಮಸೀದಿ ಓಣಿಯಲ್ಲಿ ಬೀಡಿ ಕಟ್ಟುವವರಲ್ಲಿ ಒಬ್ಬಳೂ ನಿನ್ನ ಕಣ್ಣಿಗೆ ಬೀಳಲಿಲ್ಲವೇ? ಗಂಡ ಬಿಟ್ಟವಳು, ಮದುವೆ ಬೇಡವೆಂದವಳು, ಕಾಲಿಗೆ ಊನವಿರುವವಳು? ಕೇರಿಯ ಹೆಣ್ಣುಮಕ್ಕಳನ್ನು ಮೀಸಲು ವಾರ್ಡ್ ಬಂದಾಗ ಮಾತ್ರ ನೆನಪಿಸಿಕೊಳ್ಳುವುದು ಊರ ಯಜಮಾನರ ಚಾಳಿ. ಆಗಲೂ ತಮ್ಮ ಹೊಲದಲ್ಲಿ ದುಡಿಯುವ, ಎದುರಾಡದವಳನ್ನೇ ಹುಡುಕುತ್ತಾರೆ. ಆ ಚಾಳಿ ನಿಮಗೆ ಬೇಡ. ಸಾಮಾನ್ಯ ಸ್ಥಾನವೆಂದರೆ ಗಂಡಸರ ಸ್ಥಾನವೂ ಅಲ್ಲ, ಮೇಲ್ಜಾತಿಯವರ ಸ್ಥಾನವೂ ಅಲ್ಲ. ಅಲ್ಲಿ ಯಾವ ಹೆಣ್ಣಾದರೂ ನಿಲ್ಲಬಹುದೆಂದು ಮನೆಮನೆಗೆ ಹೇಳು.

ಮೋಟಮ್ಮನವರ ಹೆಸರು ಮೇಲೆ ಬಂತಲ್ಲ, ಅವರದು ರಾಜಕಾರಣದ ಮನೆತನವಲ್ಲ. ಬಡ ದಲಿತ ಕುಟುಂಬದಿಂದ ಬಂದು ಶಾಸಕಿಯಾದರು, ಸಚಿವೆಯಾದರು, ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿಯಾದರು. ನೀನು ಲೆಕ್ಕ ಬರೆಯುವ ಸ್ತ್ರೀಶಕ್ತಿ ಸಂಘಗಳ ಯೋಜನೆ ಬಂದದ್ದೇ ಅವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದ ಕಾಲದಲ್ಲಿ. ಉಳಿತಾಯ, ಸಾಲ ಅಂತ ನಡೆಯುತ್ತಿರುವ ಆ ಸಂಘದಲ್ಲೇ ಮುಂದಿನ ಮೋಟಮ್ಮ ಕೂತಿರಬಹುದು.

ಗೆದ್ದ ದಿನ ಹಾರ ಹಾಕಿ ಮನೆಗೆ ಬಂದುಬಿಡಬೇಡಿ, ನಿಜವಾದ ಕೆಲಸ ಅವತ್ತು ಶುರುವಾಗುವುದು. ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂರುತ್ತಾನೆ, ಅವಳಿಗೆ ಸಹಿ ಮಾಡುವ ಕೆಲಸ ಮಾತ್ರ. ಖಾಲಿ ಹಾಳೆಗೆ ಸಹಿ ಹಾಕಬಾರದು, ನಡಾವಳಿ ಪುಸ್ತಕವನ್ನು ಓದಿಸಿ ಕೇಳಬೇಕು ಅನ್ನುವುದನ್ನು ಮೊದಲ ಸಭೆಗೆ ಮುಂಚೆಯೇ ಕಲಿಸಿ. ಮೊದಲ ಕೆಲವು ಸಭೆಗಳ ದಿನ ಸಂಘದ ಇಬ್ಬರು ಅವಳ ಜೊತೆ ಪಂಚಾಯ್ತಿ ಕಟ್ಟೆಯವರೆಗೆ ಹೋಗಿ. ಬಿಲ್ಲಿನ ಲೆಕ್ಕ ಕೇಳಿದಳೆಂದರೆ ಅವಿಶ್ವಾಸ ನಿರ್ಣಯದ ಬೆದರಿಕೆ ಬರುತ್ತದೆ, ದಲಿತ ಅಧ್ಯಕ್ಷೆಯಾದರೆ ಇನ್ನೂ ಬೇಗ. ಅಂಥ ಹೊತ್ತಿನಲ್ಲಿ ಗ್ರಾಮಸಭೆಗೆ ಹೆಂಗಸರೆಲ್ಲ ಬಂದು ಕೂರುವುದೇ ಅವಳ ಬಲ.

ಐದು ವರ್ಷ ಮುಗಿದು ಮೀಸಲಾತಿ ಬದಲಾದಾಗ ಅವಳು ಮನೆಗೆ ಮರಳಿದರೆ ನಾವು ಪಟ್ಟ ಪಾಡೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ಸುಳ್ಯದ ಶಾಸಕಿ ಭಾಗೀರಥಿ ಮುರುಳ್ಯ ಜಿಲ್ಲಾ ಪಂಚಾಯ್ತಿಯಿಂದ ಮೇಲೆ ಬಂದವರು. ಆದರೆ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗದೆ, ಏಣಿಯ ನಡುವಿನ ಮೆಟ್ಟಿಲೇ ಮುರಿದುಬಿತ್ತು. ಅದನ್ನೂ ಸಂಘದ ಸಭೆಯಲ್ಲಿ ಮಾತಾಡಿ, ಓಟು ಕೇಳಲು ಬಂದ ಶಾಸಕರನ್ನು ನಿಲ್ಲಿಸಿ ಕೇಳಿ.

ಚುನಾವಣೆಯ ದಿನಾಂಕ ಬಂದ ಮೇಲೆ ಓಡಾಡಿದರೆ ಊರ ದೊಡ್ಡವರು ಹೇಳಿದ ಹೆಸರೇ ಉಳಿಯುತ್ತದೆ. ಈ ವಾರವೇ ಹೊರಡು. ಮೊದಲು ಕೇರಿಗೆ ಹೋಗು, ಅವರು ಕೊಟ್ಟ ಚಹಾ ಕುಡಿ, ಆಮೇಲೆ ಮಾತು ತೆಗೆ. ಯಾರು ಒಪ್ಪಿದರು, ಯಾರು ಇನ್ನೂ ಯೋಚಿಸುತ್ತಿದ್ದಾರೆ ಎಂದು ನನಗೆ ತಪ್ಪದೆ ಬರಿ.

ನಿನ್ನ ಪ್ರೀತಿಯ
ಅಕ್ಕ