ಉಯ್ಯಾಲೆಯ ಪಾಠ

ಇಂದ್ರಿಯಗಳು ಐದೆಂದು ಮೂವತ್ತು ವರುಷ ಕಾಲ ಮಕ್ಕಳಿಗೆ ಹೇಳಿಕೊಟ್ಟ ನಾನು, ನಿವೃತ್ತನಾದ ಮೇಲೆ ಆ ಲೆಕ್ಕವನ್ನು ಮೊಮ್ಮಗನ ದೆಸೆಯಿಂದ ತಿದ್ದಿಕೊಳ್ಳಬೇಕಾಯಿತು. ಬಾಲಕನಿಗೆ ಈಗ ಏಳು ವರುಷ. ಅವನದು ಸ್ವಲೀನತೆ, ಎಂದರೆ ಆಟಿಸಂ, ಎಂದು ವೈದ್ಯರು ನಿರ್ಣಯಿಸಿರುವರು. ಮಿಕ್ಸಿಯ ಸದ್ದಾದೊಡನೆ ಕಿವಿ ಮುಚ್ಚಿಕೊಂಡು ಅರಚುವನು. ಎಷ್ಟು ಹೊತ್ತು ಗಿರ್ರನೆ ತಿರುಗಿದರೂ ಅವನಿಗೆ ತಲೆಸುತ್ತು ಬಾರದು. ಇದೆಲ್ಲವೂ ಹಠವೆಂದೇ ನಾನು ಬಗೆದಿದ್ದೆನು.

ಅವನಿಗೆ ವ್ಯಾಯಾಮ ಕಲಿಸುವ ತರುಣಿಯು ನನ್ನ ಭ್ರಮೆಯನ್ನು ಬಿಡಿಸಿದಳು. ಕಣ್ಣು ಕಿವಿ ಮೊದಲಾದ ಐದರ ಜತೆಗೆ, ಒಳಗಿವಿಯಲ್ಲಿ ಸಮತೋಲವನ್ನರಿಯುವ ಇಂದ್ರಿಯವೊಂದುಂಟು. ಕೈಕಾಲುಗಳ ಇರವನ್ನು ಕಣ್ಣುಮುಚ್ಚಿದರೂ ತಿಳಿಸುವ ಅರಿವು ಸ್ನಾಯುಗಳಲ್ಲಿಯೂ ಕೀಲುಗಳಲ್ಲಿಯೂ ಉಂಟು. ಇವೆಲ್ಲವುಗಳ ವಾರ್ತೆಯನ್ನು ಮಿದುಳು ಹೊಂದಿಸಿಕೊಂಡಲ್ಲದೆ ಕಲಿಕೆಯು ಸುಗಮವಾಗದೆಂದು ಅಮೆರಿಕದ ಜೀನ್ ಏರ್ಸ್ ಎಂಬ ವಿದುಷಿಯು 1972ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಇಂಥ ಮಕ್ಕಳಲ್ಲಿ ಹಲವರಿಗೆ ಒಂದು ಇಂದ್ರಿಯದ ವಾರ್ತೆಯು ಅತಿಯಾಗಿಯೂ ಮತ್ತೊಂದರದು ಮಂದವಾಗಿಯೂ ತಲಪುವುದಂತೆ.

ಅಂದಿನಿಂದ ನಮ್ಮ ದಿನಚರಿಯು ಬದಲಾಯಿತು. ಬೆಳಗ್ಗೆ ಜನ ಸೇರುವ ಮುನ್ನ ಪುಲಿಕೇಶಿನಗರದ ಕೋಲ್ಸ್ ಪಾರ್ಕಿಗೆ ಹೋಗಿ ಉಯ್ಯಾಲೆಯನ್ನು ಮೆಲ್ಲನೆ, ಒಂದೇ ಲಯದಲ್ಲಿ ತೂಗುವೆನು. ಮನೆಯಲ್ಲಿ ಅವನು ನೀರು ತುಂಬಿದ ಚೊಂಬನ್ನು ತುಳಸಿಯವರೆಗೆ ಹೊರುವನು. ಅಂಗೈಯೂರಿ ಗೋಡೆಯನ್ನು ತಳ್ಳುವನು. ಅಜ್ಜಿಯೊಡನೆ ಚಪಾತಿಯ ಹಿಟ್ಟನ್ನು ನಾದುವನು. ಅಕ್ಕಿಯಲ್ಲಿ ಹುದುಗಿಸಿದ ಗುಂಡಿಗಳನ್ನು ಹುಡುಕಿ ತೆಗೆಯುವನು. ಭಾರ ಹೊರುವ ಕೆಲಸದಿಂದ ಅವನ ದೇಹಕ್ಕೆ ನೆಮ್ಮದಿ. ಒತ್ತಾಯವು ಮಾತ್ರ ಸಲ್ಲದು. ಅವನು ಬೆದರಿದರೆ ಅಥವಾ ಮುಖ ಬಿಳುಪೇರಿದರೆ ಆ ಕ್ಷಣವೇ ನಿಲ್ಲಿಸಬೇಕು.

ಇದರಿಂದ ಸ್ವಲೀನತೆಯು ಹೋಗದು. ಪ್ರಯೋಜನವೆಷ್ಟೆಂಬುದರಲ್ಲಿ ಪಂಡಿತರಿಗೂ ಏಕಾಭಿಪ್ರಾಯವಿಲ್ಲ. ಆದರೆ ವ್ಯಾಯಾಮವಾದ ಬಳಿಕ ಅವನು ಕಾಲು ಗಂಟೆ ನನ್ನ ಮಗ್ಗುಲಲ್ಲಿ ಕುಳಿತು ಅಕ್ಷರ ತಿದ್ದುವನು. ಮೊದಲು ಎರಡು ನಿಮಿಷವೂ ಕೂರುತ್ತಿರಲಿಲ್ಲ. ಇಂಥ ಮಗುವಿರುವ ಗೃಹಸ್ಥರು ತಾವೇ ಪ್ರಯೋಗಕ್ಕಿಳಿಯದೆ ಬಲ್ಲವರನ್ನು ಕೇಳುವುದು ಲೇಸು. ನಮ್ಮೂರಲ್ಲಿ ನಿಮ್ಹಾನ್ಸ್ ಉಂಟು. ಇಂದಿರಾನಗರದಲ್ಲಿ 1982ರಲ್ಲಿ ಸ್ಥಾಪಿತವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಉಂಟು.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆನು. ಬಹು ವರುಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದನು. ಕುಳಿತಲ್ಲೇ ಹಿಂದೆಮುಂದೆ ತೂಗುವನು. ಶಾಲೆಯ ಗಂಟೆ ಹೊಡೆದರೆ ಕಿವಿ ಮುಚ್ಚಿಕೊಳ್ಳುವನು. ಅವಿಧೇಯನೆಂದು ತಿಳಿದು ಅವನ ಅಂಗೈಗೆ ಬೆತ್ತದಿಂದ ಹೊಡೆದೆನು. ಅವನು ತನಗೆ ಬೇಕಾದ ಉಯ್ಯಾಲೆಯನ್ನು ತಾನೇ ಮಾಡಿಕೊಂಡಿದ್ದನೆಂದು ಅಂದು ನನಗೆ ಹೊಳೆಯಲಿಲ್ಲ. ಈಗ ಅವನು ಎಲ್ಲಿರುವನೋ! ಪ್ರತಿದಿನ ಮೊಮ್ಮಗನು ನನ್ನ ಕೈ ಹಿಡಿದು ಉಯ್ಯಾಲೆಯ ಸರಪಣಿಯ ಮೇಲಿರಿಸುವಾಗ ಆ ಅಂಗೈಯ ನೆನಪಾಗುವುದು.